ಚೆಂಡೆ ಮದ್ದಳೆಯ ಹೆಸರಿನ ಮೇಳ

ಒಂದೇ ಹೆಸರಿನಲ್ಲಿ ಎರಡು ಹಾಡು. ಮೊದಲನೆಯದು ‘ಆಲ್ಬಟ್ರಾಸ್’. ಅದರಲ್ಲಿ ಮಾತೇ ಇಲ್ಲ, ಬರೀ ಗಿಟಾರು. ರೆಕ್ಕೆ ಬಡಿಯದೆ ಕಡಲ ಮೇಲೆ ತೇಲುವ ಹಕ್ಕಿಯಷ್ಟೇ ನಿಧಾನ. ಎರಡನೆಯದು ‘ಡ್ರೀಮ್ಸ್’. ಸ್ವಲ್ಪ ಒಡೆದ ದನಿಯ ಹೆಣ್ಣೊಬ್ಬಳು ತನ್ನನ್ನು ಬಿಟ್ಟುಹೋಗುತ್ತಿರುವವನಿಗೆ ತಣ್ಣಗೆ ಬುದ್ಧಿ ಹೇಳುತ್ತಾಳೆ. ಅದು 1968ರ ಲಂಡನ್, ಇದು 1976ರ ಕ್ಯಾಲಿಫೋರ್ನಿಯಾ. ಎರಡರ ಕೆಳಗೂ ಬರೆದಿದ್ದದ್ದು ಫ್ಲೀಟ್‌ವುಡ್ ಮ್ಯಾಕ್. ಖಾಲಿ ಕ್ಯಾಸೆಟ್ ಕೊಟ್ಟು ಬೇಕಾದ ಹಾಡು ತುಂಬಿಸಿಕೊಂಡು ಬರುತ್ತಿದ್ದ ಕಾಲ ಅದು. ಅಂಗಡಿಯವನು ಚೀಟಿ ಬರೆಯುವಾಗ ಎಡವಿದ್ದಾನೆ ಎಂದುಕೊಂಡು ಸುಮ್ಮನಾದೆ. ಅವನು ಎಡವಿರಲಿಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು. ಆವತ್ತಿನಿಂದ ಈ ತಂಡದ ಬಗ್ಗೆ ಕಂಡಾಗ, ಓದಿದಾಗ ಒಂದೊಂದು ಸಾಲು ಬರೆದಿಡುವುದು ರೂಢಿಯಾಗಿದೆ. ಬರೆದಷ್ಟೂ ಗೊಂದಲ ಹೆಚ್ಚಿದೆ.

*

ಮೊದಲ ಗೊಂದಲ ಹೆಸರಿನದು. 1967ರಲ್ಲಿ ಲಂಡನ್ನಿನಲ್ಲಿ ಜಾನ್ ಮೇಯಲ್ ಎಂಬ ಯಜಮಾನನ ಬ್ಲೂಸ್ ತಂಡವಿತ್ತು. ಎರಿಕ್ ಕ್ಲಾಪ್ಟನ್ ಬಿಟ್ಟುಹೋದ ಜಾಗಕ್ಕೆ ಅಲ್ಲಿಗೆ ಬಂದವನು ಪೀಟರ್ ಗ್ರೀನ್ ಎಂಬ ಇಪ್ಪತ್ತರ ಹುಡುಗ. ಮೇಯಲ್ ಅವನಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಸ್ಟುಡಿಯೋದಲ್ಲಿ ಒಂದಿಷ್ಟು ಸಮಯ ಕೊಡಿಸಿದ. ಗ್ರೀನ್ ಅಲ್ಲಿ ಡ್ರಮ್ ಬಾರಿಸುವ ಮಿಕ್ ಫ್ಲೀಟ್‌ವುಡ್, ಬೇಸ್ ಗಿಟಾರ್ ನುಡಿಸುವ ಜಾನ್ ಮ್ಯಾಕ್‌ವೀ ಇಬ್ಬರನ್ನೂ ಕೂಡಿಸಿಕೊಂಡು ಒಂದು ತುಣುಕು ಧ್ವನಿಮುದ್ರಿಸಿ, ಅದಕ್ಕೆ ಅವರಿಬ್ಬರ ಹೆಸರನ್ನೇ ಅಂಟಿಸಿ ‘ಫ್ಲೀಟ್‌ವುಡ್ ಮ್ಯಾಕ್’ ಎಂದು ಕರೆದ. ಮುಂದೆ ಸ್ವಂತ ತಂಡ ಕಟ್ಟಿದಾಗಲೂ ಅದೇ ಹೆಸರು.

ತಮಾಷೆಯೆಂದರೆ, ಹೆಸರಿನ ಅರ್ಧ ಪಾಲುದಾರ ಮ್ಯಾಕ್‌ವೀ ಆ ತಂಡಕ್ಕೆ ಸೇರಿರಲೇ ಇಲ್ಲ! ಮೇಯಲ್ ಹತ್ತಿರ ವಾರವಾರ ಸಂಬಳ ಬರುತ್ತಿತ್ತು, ಅದನ್ನು ಬಿಟ್ಟು ಬರಲು ಮನಸ್ಸಿರಲಿಲ್ಲ. ಸಂಗೀತಕ್ಕೆ ಬರುವ ಮೊದಲು ತೆರಿಗೆ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದವನು, ಲೆಕ್ಕ ಗೊತ್ತಿತ್ತು. ಆಗಸ್ಟ್ 13ರಂದು ವಿಂಡ್ಸರ್ ಸಂಗೀತೋತ್ಸವದಲ್ಲಿ ತಂಡ ಮೊದಲ ಬಾರಿ ವೇದಿಕೆ ಏರಿದಾಗ ಬೇಸ್ ಹಿಡಿದು ನಿಂತದ್ದು ಬಾಬ್ ಬ್ರನ್ನಿಂಗ್. ಮ್ಯಾಕ್‌ವೀ ಬರುವವರೆಗೆ ಮಾತ್ರ ನೀನು ಎಂದು ಅವನಿಗೆ ಮೊದಲೇ ಹೇಳಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತೇವಲ್ಲ, ಇಲ್ಲಿ ಕುಲಾವಿ ಹೊಲಿದು, ಅದಕ್ಕೆ ಸರಿಹೊಂದುವ ಕೂಸು ಬರಲಿ ಎಂದು ಕಾದದ್ದು. ಕೆಲವೇ ವಾರಗಳಲ್ಲಿ ಕೂಸು ಬಂತು. ಮೇಯಲ್ ತಂಡಕ್ಕೆ ಕಹಳೆ, ಸ್ಯಾಕ್ಸೊಫೋನುಗಳನ್ನು ಸೇರಿಸಿ ಜಾಝ್ ಕಡೆ ವಾಲುತ್ತಿದ್ದುದು ಮ್ಯಾಕ್‌ವೀಗೆ ಹಿಡಿಸಿರಲಿಲ್ಲ. ಬ್ರನ್ನಿಂಗ್ ಮುಂದೆ ಶಾಲಾ ಮೇಷ್ಟರಾದ.

*

ನಾನು ಕುಂದಾಪುರದ ಕಡೆಯವನು. ಇಂಥದ್ದನ್ನು ಕೇಳಿದಾಗ ಮೊದಲು ನೆನಪಾಗುವುದು ಯಕ್ಷಗಾನ ಆಟದ ಮೇಳ. ನಮ್ಮಲ್ಲಿ ಮೇಳಕ್ಕೆ ದೇವಸ್ಥಾನದ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ. ಚೆಂಡೆಯವರ, ಮದ್ದಳೆಯವರ ಹೆಸರಲ್ಲಿ ಮೇಳ ಕಟ್ಟಿದ್ದನ್ನು ನಾನಂತೂ ಕೇಳಿಲ್ಲ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಹಾಡುವ ಭಾಗವತರೂ ಹಿಮ್ಮೇಳದವರೇ. ಆದರೂ ‘ಹಿಮ್ಮೇಳ’ಕ್ಕಿಂತ ಒಳ್ಳೆಯ ಶಬ್ದ ನನಗೆ ಸಿಗಲಿಲ್ಲ. ಫ್ಲೀಟ್‌ವುಡ್ ಮತ್ತು ಮ್ಯಾಕ್‌ವೀ ಹಾಡುವವರಲ್ಲ, ತಂಡದ ದೊಡ್ಡ ಹಾಡುಗಳನ್ನು ಬರೆದವರೂ ಅಲ್ಲ. ಹಿಂದೆ ನಿಂತು ತಾಳ ಹಿಡಿಯುವವರು. ಗ್ರೀನ್ ಬೇಕೆಂದೇ ಹೀಗೆ ಮಾಡಿದನಂತೆ. ಮುಂದೊಂದು ದಿನ ತಾನು ಬಿಟ್ಟುಹೋಗಬಹುದು, ಆಗ ಇವರ ಕೈಯಲ್ಲಿ ಒಂದು ಹೆಸರಾದರೂ ಉಳಿಯಲಿ ಎಂದು. ಫ್ಲೀಟ್‌ವುಡ್ ಇದನ್ನು ಹಲವು ಸಲ ಹೇಳಿಕೊಂಡಿದ್ದಾನೆ. ತಂಡ ಕಟ್ಟುವ ದಿನವೇ ಬಿಟ್ಟುಹೋಗುವ ದಿನವನ್ನು ಯೋಚಿಸಿದ ಹುಡುಗನಿಗೆ ಆಗಿನ್ನೂ 21 ತುಂಬಿರಲಿಲ್ಲ.

*

ಬಿಟ್ಟುಹೋದವರ ಲೆಕ್ಕ.

ಗ್ರೀನ್: ‘ಆಲ್ಬಟ್ರಾಸ್’ 1969ರ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ದುಡ್ಡು ಬರತೊಡಗಿತು, ಅವನಿಗೆ ದುಡ್ಡೇ ಬೇಡವಾಯಿತು. ಗಳಿಸಿದ್ದನ್ನೆಲ್ಲ ದಾನ ಮಾಡೋಣ ಎಂದ, ಉಳಿದವರು ಒಪ್ಪಲಿಲ್ಲ. 1970ರ ಮಾರ್ಚಿನಲ್ಲಿ ಮ್ಯೂನಿಕ್‌ನ ಯಾರದೋ ಬಂಗಲೆಯಲ್ಲಿ ಎಲ್‌ಎಸ್‌ಡಿ ಸೇವಿಸಿದ ರಾತ್ರಿಯ ಬಳಿಕ ಅವನು ಮೊದಲಿನಂತಾಗಲಿಲ್ಲ ಎಂದು ಜೊತೆಗಿದ್ದವರು ಹೇಳುತ್ತಾರೆ. ಮೇ ತಿಂಗಳಲ್ಲಿ ತಂಡ ಬಿಟ್ಟ. ಹೋಗುವ ಮುಂಚೆ ಕೊಟ್ಟ ಕೊನೆಯ ಹಾಡು ಹಣವೆಂಬ ಹಸಿರು ಪಿಶಾಚಿಯನ್ನು ಕುರಿತದ್ದು. ಆಮೇಲೆ ಸ್ಮಶಾನದಲ್ಲಿ ಗುಂಡಿ ತೋಡಿದ, ಆಸ್ಪತ್ರೆಯಲ್ಲಿ ಚಾಕರಿ ಮಾಡಿದ, ಮನೋರೋಗಕ್ಕೆ ಚಿಕಿತ್ಸೆ ಪಡೆದ. ಅವನ 1959ರ ಲೆಸ್ ಪಾಲ್ ಗಿಟಾರನ್ನು ಗ್ಯಾರಿ ಮೂರ್ ಕೊಂಡುಕೊಂಡ. ಕೈಯಿಂದ ಕೈಗೆ ಹೋಗಿ ಅದೀಗ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಹತ್ತಿರ ಇದೆ.

ಜೆರಮಿ ಸ್ಪೆನ್ಸರ್: 1971ರ ಫೆಬ್ರವರಿ, ಲಾಸ್ ಏಂಜಲೀಸ್. ಪುಸ್ತಕದಂಗಡಿಗೆ ಹೋಗಿ ಬರುತ್ತೇನೆ ಎಂದು ಹೋಟೆಲ್ಲಿನಿಂದ ಹೊರಟವನು ಬರಲಿಲ್ಲ. ಪೊಲೀಸರು ಹುಡುಕಿದರು. ಕೆಲವು ದಿನಗಳ ಮೇಲೆ ‘ಚಿಲ್ಡ್ರನ್ ಆಫ್ ಗಾಡ್’ ಎಂಬ ಪಂಥದವರ ನಡುವೆ ತಲೆ ಬೋಳಿಸಿಕೊಂಡು ಕುಳಿತವನು ಸಿಕ್ಕಿದ. ವಾಪಸು ಬರಲು ಒಪ್ಪಲಿಲ್ಲ.

ಡ್ಯಾನಿ ಕರ್ವನ್: ಹದಿನೆಂಟಕ್ಕೇ ತಂಡ ಸೇರಿದ ಹುಡುಗ. 1972ರಲ್ಲಿ ಒಂದು ಸಂಜೆ ವೇದಿಕೆಯ ಹಿಂದೆ ಶ್ರುತಿಯ ವಿಚಾರಕ್ಕೆ ಮಾತು ಬೆಳೆದು, ತಲೆಯನ್ನು ಗೋಡೆಗೆ ಚಚ್ಚಿಕೊಂಡು, ಗಿಟಾರು ಒಡೆದುಹಾಕಿ, ನಾನು ವೇದಿಕೆಗೆ ಬರುವುದಿಲ್ಲ ಎಂದ. ಉಳಿದವರು ಹೇಗೋ ಕಛೇರಿ ಮುಗಿಸಿದರು. ಅವನು ಸಭಿಕರ ಕಡೆ ಧ್ವನಿ ನಿಯಂತ್ರಿಸುವವರ ಪಕ್ಕ ಕುಳಿತು ಪೂರ್ತಿ ಕೇಳಿ, ಕೊನೆಗೆ ಎಲ್ಲೆಲ್ಲಿ ಸರಿಹೋಗಲಿಲ್ಲ ಎಂದು ಅಭಿಪ್ರಾಯ ಕೊಟ್ಟನಂತೆ! ಅವನನ್ನು ತೆಗೆದುಹಾಕುವ ಕೆಲಸ ಫ್ಲೀಟ್‌ವುಡ್‌ಗೆ ಬಂತು. ಕರ್ವನ್ ಮುಂದೆ ಲಂಡನ್ನಿನ ನಿರ್ಗತಿಕರ ವಸತಿಗಳಲ್ಲಿ ವರ್ಷಗಟ್ಟಲೆ ಕಳೆದ. ಈ ಸಾಲನ್ನು ಬರೆದ ದಿನ ಮತ್ತೇನೂ ಬರೆಯಲಾಗಲಿಲ್ಲ.

ಬಾಬ್ ವೆಸ್ಟನ್: ಫ್ಲೀಟ್‌ವುಡ್‌ನ ಹೆಂಡತಿ ಜೆನ್ನಿ ಬಾಯ್ಡ್ ಜೊತೆ ಸಂಬಂಧ. 1973ರಲ್ಲಿ ಮನೆಗೆ ಕಳಿಸಿದರು, ಅಮೆರಿಕದ ತಿರುಗಾಟ ಅರ್ಧಕ್ಕೇ ನಿಂತಿತು. (ಈ ಜೆನ್ನಿ ಬಾಯ್ಡ್ 1968ರಲ್ಲಿ ಬೀಟಲ್ಸ್ ಜೊತೆ ಹೃಷಿಕೇಶಕ್ಕೆ ಬಂದಿದ್ದವಳು.)

ನಡುವೆ ಡೇವ್ ವಾಕರ್ ಎಂಬ ಗಾಯಕನೊಬ್ಬ ಬಂದು ಹೋದ. ಅವನು ಯಾಕೆ ಬಂದ, ಯಾಕೆ ಹೋದ ಎಂಬುದನ್ನು ಬರೆಯಲು ಪುಸ್ತಕದಲ್ಲಿ ಜಾಗ ಬಿಟ್ಟಿದ್ದೇನೆ, ಇನ್ನೂ ಖಾಲಿ ಇದೆ.

*

ಇಷ್ಟು ಸಾಲದೆಂಬಂತೆ 1974ರ ಜನವರಿ. ತಿರುಗಾಟ ನಿಂತ ಸಿಟ್ಟಿಗೆ ತಂಡದ ಮ್ಯಾನೇಜರ್ ಕ್ಲಿಫರ್ಡ್ ಡೇವಿಸ್ ಒಂದು ಕೆಲಸ ಮಾಡಿದ. ಹೆಸರು ನನ್ನದು ಎಂದು ಹೇಳಿ, ಬೇರೆಯೇ ನಾಲ್ಕೈದು ಮಂದಿಯನ್ನು ಗೊತ್ತುಮಾಡಿ, ಅವರನ್ನೇ ಫ್ಲೀಟ್‌ವುಡ್ ಮ್ಯಾಕ್ ಎಂದು ಅಮೆರಿಕಕ್ಕೆ ಕಳಿಸಿದ. ಅದರಲ್ಲಿ ಫ್ಲೀಟ್‌ವುಡ್ಡೂ ಇಲ್ಲ, ಮ್ಯಾಕ್ಕೂ ಇಲ್ಲ. ಫ್ಲೀಟ್‌ವುಡ್ ಬಂದು ಸೇರಿಕೊಳ್ಳುತ್ತಾನೆ ಎಂದು ನಮಗೆ ಹೇಳಿದ್ದರು ಎಂಬುದು ಆ ಕಲಾವಿದರ ಮಾತು. ನನಗೆ ಅಂಥ ಮಾತೇ ಗೊತ್ತಿಲ್ಲ ಎಂಬುದು ಫ್ಲೀಟ್‌ವುಡ್ ಮಾತು. ಟಿಕೆಟ್ ಕೊಂಡು ಬಂದ ಜನ ಕೂಗಾಡಿದರು, ತಿರುಗಾಟ ಕುಸಿಯಿತು, ವ್ಯಾಜ್ಯ ಕೋರ್ಟಿಗೆ ಹೋಯಿತು. ಆ ಬಾಡಿಗೆ ತಂಡ ಮುಂದೆ ‘ಸ್ಟ್ರೆಚ್’ ಎಂದು ಹೆಸರು ಬದಲಿಸಿಕೊಂಡು 1975ರಲ್ಲಿ ಹಾಡೊಂದನ್ನು ಗೆಲ್ಲಿಸಿತು. ನೀನು ಹೀಗೇಕೆ ಮಾಡಿದೆ ಎಂದು ಕೇಳುವ ಆ ಹಾಡು ಫ್ಲೀಟ್‌ವುಡ್‌ನನ್ನೇ ಉದ್ದೇಶಿಸಿದ್ದು.

ಇಲ್ಲಿ ನಾನು ಪೆನ್ನು ಕೆಳಗಿಟ್ಟು ಯೋಚಿಸಿದೆ. ಗ್ರೀನ್ ಇಲ್ಲದಿದ್ದಾಗ ಜನ ತಕರಾರು ಎತ್ತಲಿಲ್ಲ. ಸ್ಪೆನ್ಸರ್ ಇಲ್ಲದಿದ್ದಾಗ ಎತ್ತಲಿಲ್ಲ. ಹಾಡುವವರು, ಬರೆಯುವವರು ಪೂರಾ ಬದಲಾದರೂ ಅದೇ ತಂಡ. ತಾಳದವರಿಬ್ಬರು ಕಾಣದಿದ್ದಾಗ ಮಾತ್ರ ಮೋಸ ಎಂದಾಯಿತು. ಮುಖವೇ ನೆನಪಿಲ್ಲದವರು ಇಲ್ಲ ಎಂಬುದು ಸಭೆಗೆ ತಿಳಿದದ್ದು ಹೇಗೆ?

*

ದಾವೆಯಿಂದಾಗಿ ಸುಮಾರು ಒಂದು ವರ್ಷ ಕೆಲಸವಿಲ್ಲ. ಆಗ ತಂಡದಲ್ಲಿದ್ದ ಅಮೆರಿಕದ ಗಿಟಾರಿಸ್ಟ್ ಬಾಬ್ ವೆಲ್ಚ್, ಇಲ್ಲಿ ಕೂತು ಪ್ರಯೋಜನವಿಲ್ಲ, ಲಾಸ್ ಏಂಜಲೀಸಿಗೆ ಹೋಗಿ ಬೇರು ಬಿಡೋಣ ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದ. ತಂಡ ಬದುಕಿದ್ದು ಆ ನಿರ್ಧಾರದಿಂದ. ಅದೇ ವರ್ಷದ ಕೊನೆಗೆ ಅವನೂ ಬಿಟ್ಟ. ಎರಡು ದಶಕ ಕಳೆದು 1998ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಈ ತಂಡದ 8 ಮಂದಿಯನ್ನು ಗೌರವಿಸಿದಾಗ ಪಟ್ಟಿಯಲ್ಲಿ ವೆಲ್ಚ್ ಹೆಸರಿರಲಿಲ್ಲ. ಪುಸ್ತಕದ ಕಡೆಗೆ ಓಡಿಹೋದ ಸ್ಪೆನ್ಸರ್ ಇದ್ದ, ಗಿಟಾರು ಒಡೆದ ಕರ್ವನ್ ಇದ್ದ. ಮುಳುಗುವ ದೋಣಿಯನ್ನು ದಡ ಹತ್ತಿಸಿದವನು ಇಲ್ಲ. ನನಗೆ ಇದು ಅನ್ಯಾಯ ಎನಿಸುತ್ತದೆ.

*

1974ರ ಡಿಸೆಂಬರ್. ಫ್ಲೀಟ್‌ವುಡ್ ಸ್ಟುಡಿಯೋ ಹುಡುಕಿಕೊಂಡು ಸೌಂಡ್ ಸಿಟಿ ಎಂಬಲ್ಲಿಗೆ ಹೋದ. ನಮ್ಮ ಕೋಣೆಯಲ್ಲಿ ಶಬ್ದ ಹೇಗೆ ಬರುತ್ತದೆ ನೋಡಿ ಎಂದು ಅಲ್ಲಿನ ಕೀತ್ ಓಲ್ಸನ್ ಯಾರದೋ ಒಂದು ಹಾಡು ಹಾಕಿ ಕೇಳಿಸಿದ. ಸೀರೆ ನೋಡಲು ಹೋದವನು ಗೊಂಬೆಯನ್ನೇ ಮನೆಗೆ ಕರೆತಂದ ಹಾಗೆ, ಫ್ಲೀಟ್‌ವುಡ್‌ಗೆ ಕೋಣೆಗಿಂತ ಗಿಟಾರು ಹಿಡಿಸಿತು. ಗಿಟಾರಿನವನು ಲಿಂಡ್ಸೆ ಬಕಿಂಗ್‌ಹ್ಯಾಮ್. ಬಾ ಎಂದರೆ, ನನ್ನ ಗೆಳತಿಯೂ ಬರುತ್ತಾಳೆ, ಇಬ್ಬರನ್ನೂ ತೆಗೆದುಕೊಂಡರೆ ಬರುತ್ತೇನೆ ಎಂದ. ಗೆಳತಿ ಸ್ಟೀವಿ ನಿಕ್ಸ್ ಆಗ ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಮಾಣಿ ಕೆಲಸ ಮಾಡುತ್ತಿದ್ದಳು. ತಂಡದಲ್ಲಿ ಮೊದಲೇ ಒಬ್ಬಳು ಗಾಯಕಿ ಇದ್ದಳು, ಮ್ಯಾಕ್‌ವೀಯ ಹೆಂಡತಿ ಕ್ರಿಸ್ಟೀನ್. ಇನ್ನೊಬ್ಬಳು ಬೇಕೋ ಬೇಡವೋ ನೀನೇ ಹೇಳು ಎಂದು ಅವಳಿಗೆ ಬಿಟ್ಟರು. ಒಂದು ಊಟದ ಭೇಟಿಯಲ್ಲಿ ಅವಳು ಹೂಂ ಎಂದಳು.

ಈ ಐವರ ಮೊದಲ ಆಲ್ಬಂ 1975ರ ಜುಲೈಯಲ್ಲಿ ಬಂತು, ಅಮೆರಿಕದ ಪಟ್ಟಿಯ ತುದಿ ತಲುಪಿದ್ದು 1976ರ ಸೆಪ್ಟೆಂಬರಿನಲ್ಲಿ. ಬೆಟ್ಟ ಹತ್ತಲು ಒಂದು ವರ್ಷದ ಮೇಲೆ ಹಿಡಿಯಿತು. ರಕ್ಷಾಪುಟದ ಮೇಲೆ ಇಬ್ಬರೇ: ಫ್ಲೀಟ್‌ವುಡ್ ಮತ್ತು ಮ್ಯಾಕ್‌ವೀ.

*

‘ರೂಮರ್ಸ್’. ಇದರ ಬಗ್ಗೆ ಬರೆದ ಪುಟಗಳೇ ಹೆಚ್ಚು.

1976ರ ಆರಂಭ, ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಸಾಸಲಿಟೋ ಎಂಬ ಊರು, ಕಿಟಕಿಯಿಲ್ಲದ ಸ್ಟುಡಿಯೋ. ಒಳಗೆ ಐದು ಜನ. ಜಾನ್ ಮತ್ತು ಕ್ರಿಸ್ಟೀನ್ ಬೇರೆಯಾಗಿದ್ದಾರೆ, ಹಾಡಿನ ವಿಷಯ ಬಿಟ್ಟರೆ ಮಾತಿಲ್ಲ. ಲಿಂಡ್ಸೆ ಮತ್ತು ಸ್ಟೀವಿ ಬೇರೆಯಾಗುತ್ತಿದ್ದಾರೆ. ಫ್ಲೀಟ್‌ವುಡ್‌ನ ಸಂಸಾರವೂ ಒಡೆದಿದೆ. ಕೊಕೇನು ಧಾರಾಳ. ಇಂಥಲ್ಲಿ ಮನುಷ್ಯರು ಮಾಡುವುದು ಒಂದೋ ಜಗಳ, ಇಲ್ಲವೇ ಊರು ಬಿಡುವುದು. ಇವರು ಹಾಡು ಬರೆದರು, ಒಬ್ಬರ ಮೇಲೊಬ್ಬರು. ಬೈಸಿಕೊಂಡವರಿಂದಲೇ ಆ ಬೈಗುಳಕ್ಕೆ ಹಿಮ್ಮೇಳ ಹಾಡಿಸಿದರು.

ಲಿಂಡ್ಸೆ ‘ಗೋ ಯುವರ್ ಓನ್ ವೇ’ಯಲ್ಲಿ ಸ್ಟೀವಿಯ ಬಗ್ಗೆ ಒಂದು ಸಾಲು ಹಾಕಿದ. ಅದು ಸುಳ್ಳು, ತೆಗೆ ಎಂದಳು. ತೆಗೆಯಲಿಲ್ಲ. ಅವಳು ದಶಕಗಟ್ಟಲೆ ವೇದಿಕೆ ವೇದಿಕೆಯಲ್ಲಿ ಅದಕ್ಕೆ ದನಿಗೂಡಿಸಿದಳು. ಸ್ಟೀವಿ ಅವನಿಗೆ ಉತ್ತರವಾಗಿ ‘ಡ್ರೀಮ್ಸ್’ ಬರೆದಳು, ಅದಕ್ಕೆ ಗಿಟಾರು ನುಡಿಸಿದವನು ಲಿಂಡ್ಸೆ. ಕ್ರಿಸ್ಟೀನ್ ತನ್ನ ಹೊಸ ಗೆಳೆಯನ ಮೇಲೆ ‘ಯೂ ಮೇಕ್ ಲವಿಂಗ್ ಫನ್’ ಬರೆದು, ಇದು ನಮ್ಮ ನಾಯಿಯ ಮೇಲೆ ಬರೆದದ್ದು ಎಂದು ಗಂಡನಿಗೆ ಹೇಳಿದಳು. ಜಾನ್ ಅದಕ್ಕೆ ಬೇಸ್ ನುಡಿಸಿದ, ಎಷ್ಟು ಚೆನ್ನಾಗಿ ನುಡಿಸಿದ! ನಾಯಿಯ ಮಾತನ್ನು ಅವನು ನಂಬಿದನೇ? ನಂಬಿದಂತೆ ಇದ್ದನೇ? ಇವೆಲ್ಲ ನಮ್ಮ ಬಗ್ಗೆ ನಾವೇ ಹಬ್ಬಿಸಿಕೊಳ್ಳುವ ಗಾಳಿಸುದ್ದಿ ಎಂದು ಆಲ್ಬಂಗೆ ಹೆಸರಿಟ್ಟವನೂ ಅವನೇ. ಆ ಮೌನಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಇಲ್ಲಿ.

ಐವರ ಹೆಸರೂ ಇರುವ ಒಂದೇ ಹಾಡು ‘ದ ಚೇನ್’. ಬೇರೆಬೇರೆ ತುಣುಕುಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ್ದು. ನಡುವೆ ಎಲ್ಲ ನಿಂತುಹೋಗಿ, ಮ್ಯಾಕ್‌ವೀಯ ಬೇಸ್ ಒಂದೇ ಗುಮ್ಮನೆ ನಡೆದು ಬರುತ್ತದೆ. 1978ರಿಂದ ಬಿಬಿಸಿಯವರು ಫಾರ್ಮುಲಾ ವನ್ ಕಾರ್ ರೇಸಿಗೆ ಬಳಸಿದ್ದು ಆ ತುಣುಕನ್ನೇ. ತಂಡದ ಹೆಸರು ಗೊತ್ತಿಲ್ಲದ ಬ್ರಿಟಿಷರಿಗೂ ಆ ಬೇಸ್ ಗೊತ್ತು.

*

ಟೇಪು ಸವೆದ ಕತೆ. ಆಗ ಧ್ವನಿ ಕೂರುತ್ತಿದ್ದದ್ದು ಕಬ್ಬಿಣದ ಆಕ್ಸೈಡ್ ಲೇಪಿಸಿದ ಟೇಪಿನ ಮೇಲೆ. ಒಂದು ಪದರ ಸೇರಿಸಬೇಕಾದಾಗಲೆಲ್ಲ ಟೇಪನ್ನು ಮೊದಲಿನಿಂದ ಓಡಿಸಬೇಕು, ಓಡಿದಷ್ಟು ಲೇಪ ಉದುರುತ್ತದೆ. ಇವರು ತಿಂಗಳುಗಟ್ಟಲೆ ಓಡಿಸಿದರು. ಒಂದು ದಿನ ಕೇಳಿದರೆ ಡ್ರಮ್ಮಿನ ತಾಳಗಳ ಕಿಣಿಕಿಣಿ ಮಂಕಾಗಿದೆ. ಪುಣ್ಯಕ್ಕೆ ಮೂಲ ವಾದನವನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಹಿಡಿದಿದ್ದರು, ಎರಡನೆಯದು ಮುಟ್ಟದೆ ಬಿದ್ದಿತ್ತು. ಹೊಸ ಟೇಪಿನ ಡ್ರಮ್ಮಿಗೆ ಹಳೆಯ ಟೇಪಿನ ಹಾಡು, ಗಿಟಾರುಗಳನ್ನು ಹೊಂದಿಸಬೇಕು, ಆದರೆ ಎರಡು ಯಂತ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ತಜ್ಞನೊಬ್ಬನನ್ನು ಕರೆಸಿದರು. ಅವನು ಹೆಡ್‌ಫೋನ್ ಹಾಕಿ, ಒಂದು ಕಿವಿಗೆ ಹಳೆಯ ಡ್ರಮ್, ಇನ್ನೊಂದಕ್ಕೆ ಹೊಸ ಡ್ರಮ್ ಬಿಟ್ಟುಕೊಂಡು, ಎರಡು ಪೆಟ್ಟೂ ತಲೆಯ ನಟ್ಟನಡುವೆ ಒಂದಾಗಿ ಬೀಳುವ ಹಾಗೆ ಬೆರಳಲ್ಲಿ ವೇಗ ತಿರುಗಿಸುತ್ತಾ ಕೂತ. ಒಂದೊಂದೇ ಹಾಡು, ಕೂದಲೆಳೆಯಷ್ಟು ಹಿಂದೆ ಮುಂದೆ.

ಉಳಿದದ್ದೂ ಕೊನೆಗೆ ತಾಳದಿಂದಲೇ. 1977ರ ಫೆಬ್ರವರಿಯಲ್ಲಿ ಬಂದ ಆಲ್ಬಂ ಅಮೆರಿಕದಲ್ಲಿ 31 ವಾರ ಮೊದಲ ಸ್ಥಾನದಲ್ಲಿತ್ತು. ಈವರೆಗೆ ಮಾರಾಟವಾದದ್ದು 4 ಕೋಟಿಗೂ ಹೆಚ್ಚು.

*

ಮಗಳು ಆ ಆಲ್ಬಂನ ಚಿತ್ರ ನೋಡಿ ಕೇಳಿದಳು: “ಅಪ್ಪಾ, ಇದರಲ್ಲಿ ಮ್ಯಾಕ್ ಯಾರು?” ಚಿತ್ರದಲ್ಲಿ ಇಬ್ಬರು. ತೆಂಗಿನ ಮರದ ಹಾಗೆ ಎತ್ತರದ ಗಂಡಸು, ಕಪ್ಪು ಬಟ್ಟೆಯಲ್ಲಿ ಬಳುಕುವ ಹೆಂಗಸು. ಗಂಡಸು ಫ್ಲೀಟ್‌ವುಡ್, ಹೆಂಗಸು ಸ್ಟೀವಿ. ಮ್ಯಾಕ್ ಇಲ್ಲ ಎಂದೆ. “ಮತ್ತೆ ಇದೇನು ನೇತಾಡ್ತಾ ಇರೋದು?” ಫ್ಲೀಟ್‌ವುಡ್‌ನ ಸೊಂಟದಿಂದ ಎರಡು ಮರದ ಗುಂಡು ಇಳಿಬಿದ್ದಿವೆ. ಸರಪಳಿ ಎಳೆದು ನೀರು ಬಿಡುವ ಹಳೆಯ ಪಾಯಿಖಾನೆಯಲ್ಲಿ ಸರಪಳಿಯ ತುದಿಗಿರುತ್ತಿದ್ದ ಹಿಡಿ ಅದು. ಕ್ಲಬ್ಬೊಂದರಲ್ಲಿ ಕುಡಿದು ಕಿತ್ತುಕೊಂಡು ಬಂದದ್ದು. ನಾನು ಮಗಳಿಗೆ ಅಲಂಕಾರ ಎಂದೆ.

*

ಮುಂದಿನ ಆಲ್ಬಂ ‘ಟಸ್ಕ್’, 1979. 10 ಲಕ್ಷ ಡಾಲರಿಗೂ ಮೀರಿದ ಖರ್ಚು, ಇನ್ನೊಂದು ‘ರೂಮರ್ಸ್’ ಬೇಕು ಎಂದವರ ಮೂಗಿಗೆ ಗುದ್ದಿದ ಹಾಗೆ ಒರಟು ಸಂಗೀತ. ನನಗೆ ಇಷ್ಟ. ಶೀರ್ಷಿಕೆ ಹಾಡಿಗೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ಯಾಂಡ್‌ಸೆಟ್ಟಿನ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಖಾಲಿ ಡಾಜರ್ ಸ್ಟೇಡಿಯಂಗೆ ಕರೆಸಿ ಅವರಿಂದ ವಾದ್ಯ ನುಡಿಸಿದರು, ಚಿತ್ರೀಕರಿಸಿದರು. ಮ್ಯಾಕ್‌ವೀ ಆ ದಿನ ತಾಹಿತಿ ದ್ವೀಪದ ಕಡೆ ಹೋಗಿದ್ದ. ಬದಲಿಗೆ ಅವನ ಆಳೆತ್ತರದ ರಟ್ಟಿನ ಚಿತ್ರ ಮಾಡಿಸಿ, ಫ್ಲೀಟ್‌ವುಡ್ ಅದನ್ನು ಕಂಕುಳಲ್ಲಿ ಹೊತ್ತು ಮೈದಾನ ಸುತ್ತಿದ. ಆ ವಿಡಿಯೋ ನೋಡಿದ ಮೇಲೆ ಈ ತಂಡದ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಡ ಎನಿಸಿತು.

*

ಆಮೇಲಿನದನ್ನು ಬೇಗ ಮುಗಿಸುತ್ತೇನೆ. 1984ರಲ್ಲಿ ಫ್ಲೀಟ್‌ವುಡ್ ದಿವಾಳಿ. 1987ರಲ್ಲಿ ‘ಟ್ಯಾಂಗೋ ಇನ್ ದ ನೈಟ್’ ಗೆದ್ದಿತು, ತಿರುಗಾಟದ ಮುಂಚೆ ಲಿಂಡ್ಸೆ ಹೊರಟ. ಜಾಗಕ್ಕೆ ಇಬ್ಬರು ಬಂದರು. ಸ್ಟೀವಿ ಹೋದದ್ದು ‘ಸಿಲ್ವರ್ ಸ್ಪ್ರಿಂಗ್ಸ್’ ಎಂಬ ಒಂದು ಹಾಡಿನ ಹಕ್ಕಿಗಾಗಿ. ‘ರೂಮರ್ಸ್’ನಲ್ಲಿ ಜಾಗ ಸಾಲದೆ ಬಿಟ್ಟಿದ್ದ ಹಾಡು ಅದು. ಅವಳು ತನ್ನ ಸಂಕಲನಕ್ಕೆ ಕೇಳಿದಾಗ ಫ್ಲೀಟ್‌ವುಡ್ ಕೊಡಲಿಲ್ಲ. 1993ರಲ್ಲಿ ಕ್ಲಿಂಟನ್ ಅಧಿಕಾರ ವಹಿಸಿಕೊಂಡಾಗ ಐವರೂ ಒಂದು ರಾತ್ರಿಗೆ ಸೇರಿ ‘ಡೋಂಟ್ ಸ್ಟಾಪ್’ ಹಾಡಿದರು. ಕ್ರಿಸ್ಟೀನ್ ಮುರಿದ ಮದುವೆಯ ನಂತರ ಜಾನ್‌ಗಾಗಿ ಬರೆದ ಹಾಡು ಅಧ್ಯಕ್ಷರ ವಿಜಯಗೀತೆಯಾಯಿತು. 1995ರಲ್ಲಿ ಲಿಂಡ್ಸೆ, ಸ್ಟೀವಿ ಇಬ್ಬರೂ ಇಲ್ಲದ ‘ಟೈಮ್’ ಅಮೆರಿಕದ ಪಟ್ಟಿಯನ್ನೇ ಹತ್ತಲಿಲ್ಲ.

ಈ ‘ಟೈಮ್’ ನನ್ನ ಲೆಕ್ಕ ತಪ್ಪಿಸುತ್ತದೆ. ಹೆಸರಿನವರಿಬ್ಬರೂ ಇದ್ದರು, ಕ್ರಿಸ್ಟೀನ್ ಕೂಡ ಇದ್ದಳು, ತಾಳ ಸರಿಯಿತ್ತು. ಜನ ಬರಲಿಲ್ಲ. ಹಾಗಾದರೆ 1974ರ ಬಗ್ಗೆ ನಾನು ಬರೆದುಕೊಂಡ ಪ್ರಶ್ನೆಯ ಪಕ್ಕ ಈಗ ಇನ್ನೊಂದು ಪ್ರಶ್ನೆ ಬರೆಯಬೇಕು.

*

1997ರಲ್ಲಿ ಐವರೂ ಮತ್ತೆ ಒಂದಾದ ‘ದ ಡ್ಯಾನ್ಸ್’ ವಿಡಿಯೋ. ‘ಸಿಲ್ವರ್ ಸ್ಪ್ರಿಂಗ್ಸ್’ ಕೊನೆಯಲ್ಲಿ ಸ್ಟೀವಿ ಪೂರ್ತಿ ಲಿಂಡ್ಸೆಯ ಕಡೆ ತಿರುಗಿ, ಅವನ ಮುಖಕ್ಕೇ ಹಾಡುತ್ತಾಳೆ. ಇಪ್ಪತ್ತು ವರ್ಷದ ಬಾಕಿ ವಸೂಲಿ. ಅವನು ಕಣ್ಣು ತಪ್ಪಿಸುವುದಿಲ್ಲ. ಎಲ್ಲರೂ ಆ ಇಬ್ಬರನ್ನೇ ನೋಡುತ್ತಾರೆ. ಮೂರನೇ ಸಲ ನೋಡುವಾಗ ನಾನು ಹಿಂದಿನವರನ್ನು ಹುಡುಕಿದೆ. ಫ್ಲೀಟ್‌ವುಡ್ ಬಾಯಿ ಬಿಟ್ಟುಕೊಂಡು, ಕಣ್ಣರಳಿಸಿ ಬಾರಿಸುತ್ತಿದ್ದಾನೆ.

*

2018ರಲ್ಲಿ ಲಿಂಡ್ಸೆಯನ್ನು ತೆಗೆದುಹಾಕಿದರು. ದಾವೆ ಹೂಡಿದ, ರಾಜಿಯಾಯಿತು. ಬದಲಿಗೆ ಮೈಕ್ ಕ್ಯಾಂಪ್‌ಬೆಲ್, ನೀಲ್ ಫಿನ್. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಪಲೇಡಿಯಂನಲ್ಲಿ ಫ್ಲೀಟ್‌ವುಡ್ ದೊಡ್ಡ ಕಛೇರಿ ಏರ್ಪಡಿಸಿದ, ಪೀಟರ್ ಗ್ರೀನ್‌ನ ಗೌರವಕ್ಕೆ. ಪುಸ್ತಕದಂಗಡಿಗೆ ಹೋಗಿದ್ದ ಸ್ಪೆನ್ಸರ್ ಬಂದು ನುಡಿಸಿದ. ಹ್ಯಾಮೆಟ್ ಆ ಹಳೆಯ ಲೆಸ್ ಪಾಲ್ ತಂದ. ಗಿಟಾರು ಬಂತು, ಅದರ ಮೊದಲಿನ ಯಜಮಾನ ಬರಲಿಲ್ಲ. ಗ್ರೀನ್ ಜುಲೈ 25ರಂದು ತೀರಿಕೊಂಡ.

ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ಐಡಾಹೋದಲ್ಲಿ ಆಲೂಗಡ್ಡೆ ಗೋದಾಮಿನ ಕಾರ್ಮಿಕನೊಬ್ಬ, ಗಾಡಿ ಕೆಟ್ಟು ನಿಂತಾಗ ಸ್ಕೇಟ್‌ಬೋರ್ಡ್ ಹತ್ತಿ, ಜ್ಯೂಸ್ ಬಾಟಲಿ ಎತ್ತಿ ಕುಡಿಯುತ್ತಾ ‘ಡ್ರೀಮ್ಸ್’ ಜೊತೆ ಹೆದ್ದಾರಿಯಲ್ಲಿ ತೇಲಿಹೋಗುವ ವಿಡಿಯೋ ಹಾಕಿದ. 43 ವರ್ಷದ ಹಳೆಯ ಆಲ್ಬಂ ಮತ್ತೆ ಪಟ್ಟಿ ಹತ್ತಿತು. 73 ವರ್ಷದ ಫ್ಲೀಟ್‌ವುಡ್ ಅದೇ ಜ್ಯೂಸ್ ಹಿಡಿದು ತಾನೂ ಒಂದು ವಿಡಿಯೋ ಮಾಡಿದ.

2022ರ ನವೆಂಬರ್ 30, ಕ್ರಿಸ್ಟೀನ್ ಹೋದಳು. ಅವಳಿಲ್ಲದೆ ತಂಡ ಮುಂದುವರಿಸುವುದರಲ್ಲಿ ಅರ್ಥವಿಲ್ಲ ಎಂದು ಸ್ಟೀವಿ ಹೇಳಿದಳು.

*

ನಿನ್ನೆ ರಾತ್ರಿ ಎರಡೂ ಹಾಡನ್ನು ಮತ್ತೆ ಹಾಕಿದೆ. ‘ಆಲ್ಬಟ್ರಾಸ್’ನಲ್ಲಿ ಫ್ಲೀಟ್‌ವುಡ್ ಕೋಲಿನಿಂದ ಹೊಡೆಯುವುದಿಲ್ಲ, ಉಂಡೆ ಕಟ್ಟಿದ ಮೆತ್ತನೆಯ ಕೋಲಿನಿಂದ ತಟ್ಟುತ್ತಾನೆ. ಅಲೆ ಬಂದು ದಡಕ್ಕೆ ಮುಟ್ಟಿ ಹೋದ ಹಾಗೆ. ‘ಡ್ರೀಮ್ಸ್’ನಲ್ಲಿ ಬೇಸ್ ಹೆಚ್ಚುಕಡಿಮೆ ಎರಡೇ ಸ್ವರದ ಮೇಲೆ ಅತ್ತಿತ್ತ, ಹಾಡು ಮುಗಿಯುವವರೆಗೂ. ಮೇಲಿನ ಗಿಟಾರು, ಮೇಲಿನ ದನಿ ಬಿಟ್ಟು ಕೆಳಗೆ ಕಿವಿಯಿಟ್ಟರೆ ಎರಡರಲ್ಲೂ ಅದೇ ಆತುರವಿಲ್ಲದ ನಡಿಗೆ.

ಮಗಳನ್ನು ಕರೆದೆ. “ಅವತ್ತು ಮ್ಯಾಕ್ ಎಲ್ಲಿ ಅಂತ ಕೇಳಿದ್ಯಲ್ಲ. ಇಲ್ಲಿದ್ದಾನೆ ಕೇಳು.”

ಫೋನಿಗೆ ಕಿವಿ ಕೊಟ್ಟು ಸ್ವಲ್ಪ ಹೊತ್ತು ನಿಂತಳು. “ನಂಗೆ ಅವಳು ಹಾಡೋದು ಮಾತ್ರ ಕೇಳ್ತಾ ಇದೆ.”

ಫೋನಿನ ಸ್ಪೀಕರಿನಲ್ಲಿ ಬೇಸ್ ಬರುವುದಿಲ್ಲ. ಹೆಡ್‌ಫೋನ್ ಹುಡುಕಲು ಎದ್ದೆ.